ರಾಜಧಾನಿ ಹಾಳಾದರೂ ಹಂಪಿಯ ವಿರೂಪಾಕ್ಷನಿಗೆ ಪೂಜೆ ಉಳಿದದ್ದು ಹೇಗೆ?

ಪ್ರಶ್ನೆ: ಹಂಪಿಯಲ್ಲಿ ವಿಜಯ ವಿಠ್ಠಲ, ಬಾಲಕೃಷ್ಣ, ಅಚ್ಯುತರಾಯನ ಗುಡಿ, ಎಲ್ಲಿ ಹೋದರೂ ಗರ್ಭಗುಡಿ ಬರಿದು. ವಿರೂಪಾಕ್ಷನಿಗೆ ಮಾತ್ರ ಇಂದಿಗೂ ಪೂಜೆ ಇದೆಯಲ್ಲ, ಯಾಕೆ?

ಉತ್ತರ: ವಿರೂಪಾಕ್ಷನಿಗೆ ಮಾತ್ರ ಅಂತೇನಿಲ್ಲ. ಚಕ್ರತೀರ್ಥದ ಕೋದಂಡರಾಮ, ಯಂತ್ರೋದ್ಧಾರಕ ಪ್ರಾಣದೇವರು (ಹನುಮಂತ), ಮಾಲ್ಯವಂತದ ರಘುನಾಥ ಇವರಿಗೂ ಪೂಜೆ ನಡೆಯುತ್ತದೆ. ಆದರೂ ಅಷ್ಟು ದೊಡ್ಡ ದೇವಾಲಯಗಳಲ್ಲಿ ಜನಜಂಗುಳಿಯೊಡನೆ ಬದುಕಿ ಉಳಿದದ್ದು ವಿರೂಪಾಕ್ಷನದೇ.

ದಾಳಿಕಾರರು ಈ ಗುಡಿಯನ್ನು ಯಾಕೆ ಮುಟ್ಟಲಿಲ್ಲ ಎನ್ನುವುದಕ್ಕೆ ಕಥೆಗಳು ಬೇಕಾದಷ್ಟಿವೆ. ನನಗೆ ಅವುಗಳಿಗಿಂತ ಸರಿ ಅನ್ನಿಸುವುದು ಇದು: ಈ ದೇವರು ಅರಸರಿಗಿಂತ ಹಳಬ. ವಿಜಯನಗರ ಹುಟ್ಟಿದ್ದು 1336ರಲ್ಲಿ ಎನ್ನುತ್ತಾರೆ. ಅದಕ್ಕೂ ಶತಮಾನಗಳ ಮೊದಲೇ ಇದು ಪಂಪಾಕ್ಷೇತ್ರ. ಪಂಪೆ ಇಲ್ಲಿನ ಹೊಳೆ ತುಂಗಭದ್ರೆಯೂ ಹೌದು, ದೇವಿಯೂ ಹೌದು. ಗುಡಿಯ ಪಕ್ಕದ ಹೇಮಕೂಟ ಬೆಟ್ಟದಲ್ಲಿ ತಪಸ್ಸು ಮಾಡಿ ಶಿವನನ್ನು ವರಿಸಿದಳು, ಅವನು ಪಂಪಾಪತಿಯಾದ. ಊರಿನ ಮಗಳು, ಅವಳ ಗಂಡ: ಈ ನಂಟಿಗೆ ಅರಮನೆಯ ಹಂಗು ಬೇಕಿರಲಿಲ್ಲ.

ಅರಸರೇ ಈ ದೇವರ ನೆರಳಿಗೆ ಬಂದರು. ಸಂಸ್ಕೃತದ ತಾಮ್ರಶಾಸನಗಳ ಕೊನೆಗೂ ಕನ್ನಡ ಅಕ್ಷರದಲ್ಲಿ ‘ಶ್ರೀ ವಿರೂಪಾಕ್ಷ’ ಎಂದೇ ಅಂಕಿತ ಹಾಕಿದರು. ಕೃಷ್ಣದೇವರಾಯ ತನ್ನ ಪಟ್ಟಾಭಿಷೇಕದ ನೆನಪಿಗೆ ಇಲ್ಲಿ ರಂಗಮಂಟಪ ಕಟ್ಟಿಸಿದ್ದನ್ನು 1510ರ ಶಾಸನ ಹೇಳುತ್ತದೆ. ಅದೇ ರಾಯ ಉದಯಗಿರಿಯನ್ನು ಗೆದ್ದು ಬಾಲಕೃಷ್ಣನನ್ನು ತಂದು ಬೇರೆ ಭವ್ಯ ಗುಡಿ ಕಟ್ಟಿಸಿದ. ಗೆಲುವಿನ ಗುರುತಾಗಿ ಬಂದ ದೇವರು ಅದು. 1565ರ ತಾಳಿಕೋಟೆ ಯುದ್ಧದ ಸೋಲಿನ ನಂತರ ಆಸ್ಥಾನ ಪೆನುಕೊಂಡೆಗೆ ಹೋಯಿತು, ದತ್ತಿ ನಿಂತಿತು, ಗುಡಿ ಬರಿದಾಯಿತು. ಆ ಮೂರ್ತಿ ಈಗ ಚೆನ್ನೈನ ವಸ್ತುಸಂಗ್ರಹಾಲಯದಲ್ಲಿದೆ. ಮುಂದೆ ಅರವೀಡು ವಂಶದ ವೆಂಕಟಪತಿರಾಯನ ಕಾಲಕ್ಕೆ ಅರಸರ ಅಂಕಿತವೇ ‘ಶ್ರೀ ವೆಂಕಟೇಶ’ ಎಂದಾಯಿತು!

ಅರಸರು ಬಿಟ್ಟುಹೋದರೂ ಸುತ್ತಲಿನ ಹಳ್ಳಿಗಳ ಒಕ್ಕಲು ಎಲ್ಲಿಗೂ ಹೋಗಲಿಲ್ಲ. ಬಳ್ಳಾರಿ ಸೀಮೆಯಲ್ಲಿ ಪಂಪಾಪತಿ, ವಿರೂಪಾಕ್ಷಪ್ಪ ಎಂಬ ಹೆಸರಿನವರು ಇಂದಿಗೂ ಎಷ್ಟೋ ಮಂದಿ. ಗುಡಿಯ ದುರಸ್ತಿಯೂ ಆಮೇಲೆ ನಡೆಯುತ್ತಲೇ ಬಂತು. ನೀವು ಹೋಗುವುದಾದರೆ ಫಲಪೂಜೆಯ ಹೊತ್ತಿಗೆ ಹೋಗಿ. ಚಳಿಗಾಲದಲ್ಲಿ ನಡೆಯುವ ಅದು ಪಂಪೆ-ವಿರೂಪಾಕ್ಷರ ನಿಶ್ಚಿತಾರ್ಥ. ಮದುವೆ, ತೇರು ಎರಡೂ ಚೈತ್ರದಲ್ಲಿ.