ಮುಚ್ಚಿದ ಶಟರ್‌ನಲ್ಲಿ ಬಿಗಿದು ಕೂತ ಬಲ

ನಿನ್ನೆ ರಾತ್ರಿ ಒಂದೇ ಕೈಯಲ್ಲಿ ಇಳಿದ ಶಟರ್ ಇವತ್ತು ಬೆಳಿಗ್ಗೆ ಇಬ್ಬರು ಸೇರಿ ಎತ್ತಿದರೂ ಮೊಣಕಾಲೆತ್ತರಕ್ಕೆ ಬಂದು, ಒಂದು ಪಕ್ಕ ವಾಲಿ ನಿಲ್ಲುತ್ತದೆ. ಅದು ಮೈಸೂರಿನ ಸಂತೇಪೇಟೆಯ ಮಳಿಗೆಯಿರಲಿ, ಕುವೆಂಪುನಗರದ ಮನೆಯ ಕಾರ್ ಶೆಡ್ಡಿರಲಿ, ಮಂಡ್ಯದ ಪೇಟೆಬೀದಿಯ ಅಂಗಡಿಯಿರಲಿ, ಏಣಿ ಹಾಕಿ ಮೇಲಿನ ಕವರ್ ಬಿಚ್ಚಿ ನಾವೇ ನೋಡಿಬಿಡೋಣ ಎನ್ನಿಸುವುದು ಸಹಜ. ಏಣಿ ತರುವ ಮೊದಲು ಆ ಕವರಿನೊಳಗೆ ಏನಿದೆ ಎಂದು ತಿಳಿದಿರಬೇಕು.

ಗೋಡೆಯ ಎರಡು ಬ್ರಾಕೆಟ್‌ಗಳ ಮೇಲೆ ಒಂದು ಕಬ್ಬಿಣದ ಪೈಪ್ ಇರುತ್ತದೆ. ಅದು ತಿರುಗುವುದಿಲ್ಲ, ಯು-ಕ್ಲಾಂಪ್‌ಗಳು ಬಿಗಿಯಾಗಿ ಹಿಡಿದಿರುತ್ತವೆ. ತಿರುಗುವುದು ಪೈಪಿನ ಮೇಲೆ ಕೂತ ಡ್ರಮ್‌ಗಳು. ಪ್ರತಿ ಡ್ರಮ್ಮಿನೊಳಗೂ ಕೀ ಕೊಡುವ ಗಡಿಯಾರದ ಸ್ಪ್ರಿಂಗ್‌ನಂತೆ ಸುತ್ತಿದ ಉಕ್ಕಿನ ಪಟ್ಟಿ: ಒಳತುದಿ ಪೈಪಿಗೆ, ಹೊರತುದಿ ಡ್ರಮ್ಮಿಗೆ. ಶಟರ್ ಇಳಿದಷ್ಟೂ ತೂಗುವ ಭಾರ ಹೆಚ್ಚುತ್ತದೆ, ಸ್ಪ್ರಿಂಗೂ ಅಷ್ಟಷ್ಟೇ ಬಿಗಿಯುತ್ತದೆ. ಈ ಎರಡೂ ಸರಿತೂಗಿದ್ದರಿಂದಲೇ ಒಂದು ಕೈ ಸಾಕಾಗುತ್ತಿತ್ತು.

ಲೆಕ್ಕ ಹಾಕಿ ನೋಡೋಣ. ಒಂದು ಮಿ.ಮೀ. ದಪ್ಪದ ಉಕ್ಕಿನ ತಗಡು ಚದರ ಮೀಟರಿಗೆ 7.85 ಕೆ.ಜಿ. ತೂಗುತ್ತದೆ. 8 ಅಡಿಗೆ 8 ಅಡಿಯ, 0.9 ಮಿ.ಮೀ. ದಪ್ಪದ ಶಟರಿಗೆ ತಗಡಿನ ಪಟ್ಟಿಗಳ ಮಡಿಕೆ, ಕೆಳಅಂಚಿನ ಬಾಟಮ್ ಪ್ಲೇಟ್, ಬೀಗ ಎಲ್ಲ ಸೇರಿ ಸುಮಾರು 65 ಕೆ.ಜಿ. ಬರುತ್ತದೆ. ಪೂರ್ತಿ ಇಳಿದಾಗ ಅದರ ಭಾರದ ನಡುಬಿಂದು ನಾಲ್ಕಡಿ ಕೆಳಗೆ ಬಂದಿರುತ್ತದೆ. ಅಷ್ಟರಲ್ಲಿ ಸ್ಪ್ರಿಂಗ್‌ಗಳು ನುಂಗಿಕೊಂಡ ಶಕ್ತಿ ಸುಮಾರು 770 ಜೂಲ್, ಅಂದರೆ 50 ಕೆ.ಜಿ. ಸಕ್ಕರೆ ಮೂಟೆ ಐದಡಿ ಮೇಲಿಂದ ಬಿದ್ದರೆ ಎಷ್ಟೋ ಅಷ್ಟು.

ಹೆಚ್ಚಿನವರು ಎಡವುವುದು ಇಲ್ಲೇ. ಮುಚ್ಚಿದ ಶಟರ್ ಸುಮ್ಮನೆ ನಿಂತಿದೆ, ಅಪಾಯವಿಲ್ಲ ಅನ್ನಿಸುತ್ತದೆ. ನಿಜದಲ್ಲಿ ಸ್ಪ್ರಿಂಗ್ ಅತಿ ಹೆಚ್ಚು ಬಿಗಿದಿರುವುದು ಆಗಲೇ. ಇನ್ನೊಂದು ಮಾತು: ತುಂಡಾದ ಸ್ಪ್ರಿಂಗ್ ಶಟರ್ ಎತ್ತುವ ಬಲ ಕಳೆದುಕೊಂಡಿದೆ. ಪಕ್ಕದಲ್ಲಿ ತುಂಡಾಗದೆ ಉಳಿದದ್ದು ಮಾತ್ರ ಪೂರ್ತಿ ಬಿಗಿದೇ ಕೂತಿದೆ. ಯು-ಕ್ಲಾಂಪಿನ ನಟ್ ಸಡಿಲಿಸಿದ ಕ್ಷಣ ಪೈಪ್ ಗಿರ್ರನೆ ತಿರುಗುತ್ತದೆ. ಅದಕ್ಕೆ ಹಾಕಿದ್ದ ಪೈಪ್ ರೆಂಚಿನ ಹಿಡಿ ಮುಂಗೈಗೋ ದವಡೆಗೋ ಬಡಿಯುತ್ತದೆ. ಡ್ರಮ್ ಬಿಚ್ಚಿದರೆ ಹರಿತ ಅಂಚಿನ ಪಟ್ಟಿ ಸುರುಳಿ ಬಿಚ್ಚಿಕೊಂಡು ಹೊರಗೆ ಚಿಮ್ಮುತ್ತದೆ.

ಆದ್ದರಿಂದ ಕ್ಲಾಂಪ್, ಪೈಪ್, ಡ್ರಮ್ ಈ ಮೂರಕ್ಕೆ ಕೈ ಹಾಕಬೇಡಿ. ಇದರಲ್ಲಿ ನಮ್ಮದು ಖಂಡಿತವಾದ ಅಭಿಪ್ರಾಯ. ಉಳಿದದ್ದರಲ್ಲಿ ನೀವೇ ಮಾಡಬಹುದಾದ್ದು ಬಹಳಷ್ಟಿದೆ.

ಮೊದಲು, ತಪ್ಪು ಸ್ಪ್ರಿಂಗಿನದೇ ಹೌದೇ ನೋಡಿ. ಏರುವಾಗಲೂ ಇಳಿಯುವಾಗಲೂ ಬಿಗಿಯಾಗಿದ್ದರೆ ತೊಂದರೆ ಪಕ್ಕದ ಗೈಡ್ ಚಾನೆಲ್‌ನಲ್ಲಿ: ಮಣ್ಣು, ಗಟ್ಟಿಯಾದ ಹಳೇ ಗ್ರೀಸ್, ಇಲ್ಲವೇ ಗಾಡಿ ತಗುಲಿ ಬಾಗಿದ ಪಟ್ಟಿ. ವೈರ್ ಬ್ರಷ್‌ನಿಂದ ಉಜ್ಜಿ, ಸೀಮೆಎಣ್ಣೆಯಲ್ಲಿ ಒರೆಸಿ, ತೆಳುವಾಗಿ ಗ್ರೀಸ್ ಹಚ್ಚಿದರೆ ಎಷ್ಟೋ ಶಟರ್ ಸರಿಹೋಗುತ್ತವೆ. ಎತ್ತಲು ಮಾತ್ರ ಭಾರ, ಬಿಟ್ಟರೆ ಧಡಾರನೆ ಬೀಳುತ್ತದೆ ಎಂದಾದರೆ ಸ್ಪ್ರಿಂಗ್ ಸೋತಿದೆ ಅಥವಾ ತುಂಡಾಗಿದೆ. ಒಂದೇ ಪಕ್ಕ ಜೋತುಬಿದ್ದರೆ ಆ ಪಕ್ಕದ್ದು ಹೋಗಿರುವ ಸಾಧ್ಯತೆಯೇ ಹೆಚ್ಚು.

ಶಟರ್ ಕೆಳಗಿದ್ದರೆ ಕೆಳಗೇ ಬಿಡಿ. ಅರ್ಧದಲ್ಲಿ ಸಿಕ್ಕಿಕೊಂಡಿದ್ದರೆ ಬಾಟಮ್ ಪ್ಲೇಟ್ ಕೆಳಗೆ ಎರಡೂ ಕಡೆ ಗಟ್ಟಿ ಮರದ ಆನಿಕೆ ಕೊಡಿ. ಯಾರೂ ಅಡಿಯಲ್ಲಿ ನುಸುಳಬಾರದು, ಮಕ್ಕಳಂತೂ ಆ ಹತ್ತಿರಕ್ಕೂ ಹೋಗಬಾರದು. ಮೋಟಾರ್ ಇದ್ದರೆ ಮೇನ್ ಸ್ವಿಚ್ ಆರಿಸಿ. ಸ್ಪ್ರಿಂಗ್ ಹೊರುತ್ತಿದ್ದ ಭಾರವನ್ನೂ ಮೋಟಾರಿಗೇ ಹೊರಿಸಿದರೆ ಅದು ಸುಟ್ಟುಹೋಗಬಹುದು, ಗಿಯರ್ ಸವೆಯಬಹುದು.

ಮೇಸ್ತ್ರಿ ಬಂದಾಗ ಅವರು ಮಾಡುವುದನ್ನು ಗಮನಿಸಿ. ಅನುಭವಸ್ಥರು ಶಟರನ್ನು ಪೂರ್ತಿ ಮೇಲಕ್ಕೆ ಸುತ್ತಿ ಹಗ್ಗದಿಂದ ಕಟ್ಟುತ್ತಾರೆ. ಆಗ ಸ್ಪ್ರಿಂಗಿನಲ್ಲಿ ಉಳಿಯುವುದು ಜೋಡಿಸುವಾಗ ಕೊಟ್ಟ ಮೊದಲ ಬಿಗಿತ ಮಾತ್ರ. ಅದನ್ನೂ ಇಬ್ಬರು ಎರಡು ಪೈಪ್ ರೆಂಚ್ ಹಿಡಿದು, ಒಬ್ಬರು ಬಿಡುವ ಮುನ್ನ ಇನ್ನೊಬ್ಬರು ಹಿಡಿಯುತ್ತ, ಸುತ್ತು ಎಣಿಸಿಕೊಂಡೇ ಇಳಿಸುತ್ತಾರೆ. ಒಬ್ಬರೇ ಬಂದು ಒಂದೇ ರೆಂಚಿನಲ್ಲಿ ಮಾಡುತ್ತೇನೆಂದರೆ ಒಪ್ಪಬೇಡಿ.

ಸ್ಪ್ರಿಂಗ್ ಬದಲಿಸುವಾಗ ಜೋಡಿಯಾಗಿಯೇ ಬದಲಿಸಿ. ಉಕ್ಕು ಒಮ್ಮೆಲೇ ತುಂಡಾಗುವುದಿಲ್ಲ. ಸಾವಿರಾರು ಸಲ ಬಿಗಿದು ಸಡಿಲಿಸಿದಾಗ ಕಣ್ಣಿಗೆ ಕಾಣದ ಬಿರುಕು ಬೆಳೆಯುತ್ತದೆ, ತುಕ್ಕು ತಿಂದ ಗುಳಿಯಿದ್ದರೆ ಅಲ್ಲಿಂದಲೇ ಶುರು. ಅಮೆರಿಕದ ಗ್ಯಾರೇಜ್ ಬಾಗಿಲಿನ ಸಾಮಾನ್ಯ ಸ್ಪ್ರಿಂಗಿಗೆ 10,000 ಸಲ ತೆರೆದು ಮುಚ್ಚುವ ಆಯುಸ್ಸು ಹೇಳುತ್ತಾರೆ. ಮಧ್ಯಾಹ್ನ ಊಟಕ್ಕೆ ಮುಚ್ಚುವ ನಮ್ಮ ಅಂಗಡಿಗಳಲ್ಲಿ ದಿನಕ್ಕೆ ಎರಡು ಸಲ, ವರ್ಷಕ್ಕೆ 600ಕ್ಕೂ ಹೆಚ್ಚು. ಎರಡೂ ಸ್ಪ್ರಿಂಗ್ ಇದೇ ಲೆಕ್ಕ ಮುಗಿಸಿರುತ್ತವೆ, ಒಂದು ಮೊದಲು ತುಂಡಾಯಿತು ಅಷ್ಟೆ. ಪಟ್ಟಿಯ ಅಗಲ, ದಪ್ಪ ಎರಡೂ ಹಳೆಯದಕ್ಕೆ ಹೊಂದಬೇಕು. ಆಯುಧಪೂಜೆಗೆ ಶಟರ್ ತೊಳೆಯುವವರು ನೀರನ್ನು ಮೇಲಿನ ಕವರಿಗೆ ಎರಚದಿದ್ದರೆ ಹೊಸ ಜೋಡಿಗೆ ತುಕ್ಕು ಬೇಗ ಹಿಡಿಯುವುದಿಲ್ಲ.

ಕೆಲಸ ಮುಗಿದ ಮೇಲೆ ಹಣ ಕೊಡುವ ಮೊದಲು ಶಟರನ್ನು ಅರ್ಧಕ್ಕೆ ತಂದು, ಕೈ ಹತ್ತಿರದಲ್ಲೇ ಇಟ್ಟುಕೊಂಡು ಮೆಲ್ಲಗೆ ಬಿಡಿ. ಅಲ್ಲೇ ನಿಲ್ಲಬೇಕು. ತಾನಾಗಿ ಮೇಲಕ್ಕೆ ಹಾರಿದರೆ ಒಂದೆರಡು ಸುತ್ತು ಹೆಚ್ಚಾಗಿದೆ, ಜಾರಿದರೆ ಕಡಿಮೆಯಾಗಿದೆ. ಎರಡಕ್ಕೂ ಮೇಸ್ತ್ರಿಯನ್ನೇ ಮತ್ತೆ ಏಣಿ ಹತ್ತಿಸಿ.