ಹನ್ನೊಂದನೇ ಲಾರಿ

ದೊಡ್ಡ ಸೇತುವೆಯೋ ಅಣೆಕಟ್ಟೋ ಕಟ್ಟುವಾಗ ಕಂಬಿ ಎಷ್ಟು ಬೇಕು ಅನ್ನುವುದು ಸುಲಭದ ಪ್ರಶ್ನೆ ಅನ್ನಿಸುತ್ತದೆ. ಡ್ರಾಯಿಂಗ್ ಕೈಯಲ್ಲಿದೆ, ಲೆಕ್ಕ ಹಾಕಿದರೆ ಆಯ್ತು, ಅಲ್ವಾ?

ಒಂದು ಲೆಕ್ಕ ನೋಡೋಣ. ಸೈಟ್ ಇಂಜಿನಿಯರ್‌ಗೆ ನಿಜವಾಗಿ ಬೇಕಾಗಿರುವುದು 100 ಟನ್. ಸಾಲದೆ ಹೋದರೆ ಬೈಗುಳ ತಿನ್ನುವವರು ತಾವೇ ಅಂತ ಅವರು ನೂರಕ್ಕೆ ಹತ್ತು ಸೇರಿಸಿ 110 ಅಂತ ಇಂಡೆಂಟ್ (ಬೇಡಿಕೆ ಚೀಟಿ) ಬರೆಯುತ್ತಾರೆ. ಸ್ಟೋರ್‌ನವರಿಗೂ ಅದೇ ಭಯ, ಅವರದು 121. ಪ್ರಾಜೆಕ್ಟ್ ಮ್ಯಾನೇಜರ್ ಕೈ ದಾಟುವಾಗ 133. ಖರೀದಿ ವಿಭಾಗ ಆರ್ಡರ್ ಹಾಕುವ ಹೊತ್ತಿಗೆ 146. ಯಾರೂ ಸುಳ್ಳು ಹೇಳಲಿಲ್ಲ, ಯಾರೂ ಕದಿಯಲಿಲ್ಲ. ಆದರೂ 46 ಟನ್ ಕಂಬಿ ಮಳೆಯಲ್ಲಿ ತುಕ್ಕು ಹಿಡಿಯುತ್ತಾ ಬಿದ್ದಿದೆ. ಮುಂದಿನ ತಿಂಗಳು ಆ ರಾಶಿ ನೋಡಿದವರು ಆರ್ಡರ್ ಹಾಕುವುದನ್ನೇ ನಿಲ್ಲಿಸುತ್ತಾರೆ, ಕೆಲಸವೇ ನಿಂತಿತೇನೋ ಅಂದುಕೊಂಡು ಸಪ್ಲೈಯರ್ ಬೇರೆ ಕಡೆ ಮಾಲು ಕಳಿಸುತ್ತಾರೆ, ಆಮೇಲೆ ಒಂದು ದಿನ ಎಲ್ಲರಿಗೂ ಒಟ್ಟಿಗೇ ಕಂಬಿ ಬೇಕಾಗುತ್ತದೆ.

ಅಮೆರಿಕದ ಎಂಐಟಿಯಲ್ಲಿದ್ದ ಜೇ ಫಾರೆಸ್ಟರ್ ಇಂಥ ಏರಿಳಿತವನ್ನು 1950ರ ದಶಕದ ಕೊನೆಯಲ್ಲೇ ಲೆಕ್ಕ ಹಾಕಿ ತೋರಿಸಿದ್ದರು. ಈಗ ಇದಕ್ಕೆ ಬುಲ್‌ವಿಪ್ ಪರಿಣಾಮ ಅಂತಾರೆ. ಬುಲ್‌ವಿಪ್ ಅಂದರೆ ಉದ್ದನೆಯ ಚಾಟಿ. ಹಿಡಿ ಸ್ವಲ್ಪ ಅಲ್ಲಾಡಿದರೂ ತುದಿ ಜೋರಾಗಿ ಬೀಸುತ್ತದೆ.

ಇದಕ್ಕೆ ಮದ್ದು ಡಿಜಿಟಲ್ ಖರೀದಿ, ಅಂದರೆ ಆರ್ಡರ್, ಸ್ಟಾಕ್, ಬಿಲ್ ಎಲ್ಲವನ್ನೂ ಕಂಪ್ಯೂಟರಿನಲ್ಲೇ ನಡೆಸುವುದು. ಹಾಗಂದ ಕೂಡಲೇ ಜನ ಆನ್‌ಲೈನ್ ಹರಾಜು, ರೇಟ್ ಹೋಲಿಕೆ ಅಂತ ಶುರು ಮಾಡುತ್ತಾರೆ. ಅದರಲ್ಲೂ ಲಾಭ ಇದೆ, ಇಲ್ಲ ಅನ್ನುವುದಿಲ್ಲ. ಆದರೆ ನನ್ನ ಪ್ರಕಾರ ದೊಡ್ಡ ಲಾಭ ಬೇರೆ ಕಡೆ ಇದೆ. ಸ್ಟೋರ್‌ನಲ್ಲಿ ಈಗ ಎಷ್ಟಿದೆ, ದಾರಿಯಲ್ಲಿ ಎಷ್ಟಿದೆ, ಮುಂದಿನ ವಾರ ಎಷ್ಟು ಬೇಕು ಅನ್ನುವುದು ನಾಲ್ಕೂ ಜನರಿಗೆ ಒಂದೇ ಪರದೆಯಲ್ಲಿ ಕಂಡರೆ, ಯಾರೂ ತಮ್ಮ ಭಯವನ್ನು ಲೆಕ್ಕಕ್ಕೆ ಸೇರಿಸಬೇಕಾಗಿಲ್ಲ.

ಹಾಗೆ ಕಾಣಬೇಕಾದರೆ ಮೊದಲು ಒಂದು ವಸ್ತುವಿಗೆ ಒಂದೇ ಹೆಸರು ಇರಬೇಕು. ಒಬ್ಬರು "16 ಎಂಎಂ ಕಂಬಿ" ಅಂತ ಬರೆದಿರುತ್ತಾರೆ, ಇನ್ನೊಬ್ಬರು "ಟಿಎಂಟಿ 16", ಮತ್ತೊಬ್ಬರು "ಸ್ಟೀಲ್ 16 ಡಯಾ". ಕಂಪ್ಯೂಟರ್‌ಗೆ ಇವು ಮೂರು ಬೇರೆ ಬೇರೆ ಮಾಲು. ಒಂದರ ಎದುರು ಸೊನ್ನೆ ಕಂಡರೆ ಸಾಕು, ಪಕ್ಕದ ಶೆಡ್‌ನಲ್ಲಿ ರಾಶಿ ಬಿದ್ದಿದ್ದರೂ ಹೊಸ ಆರ್ಡರ್ ಹೋಗುತ್ತದೆ. ಸಾವಿರಾರು ಸಾಮಾನುಗಳಿಗೆ ಒಂದೊಂದು ಕೋಡ್ ಕೊಟ್ಟು ಪಟ್ಟಿ ಶುದ್ಧ ಮಾಡುವುದು ಬೇಜಾರಿನ ಕೆಲಸ. ಜಾಹೀರಾತಿನಲ್ಲಿ ಇದು ಬರುವುದೇ ಇಲ್ಲ.

ಇನ್ನು ಕಂಬಿ ಕತ್ತರಿಸುವ ಲೆಕ್ಕ. ನನಗೆ ಇದು ಬಹಳ ಇಷ್ಟ, ಸ್ವಲ್ಪ ನಿಧಾನವಾಗಿ ನೋಡೋಣ. ಕಂಬಿ ಸಾಮಾನ್ಯವಾಗಿ 12 ಮೀಟರ್ ಉದ್ದದಲ್ಲಿ ಬರುತ್ತದೆ. ಒಂದು ಕಡೆಗೆ 5 ಮೀಟರಿನ 40 ತುಂಡು ಬೇಕು, ಇನ್ನೊಂದು ಕಡೆಗೆ 3.5 ಮೀಟರಿನ 80 ತುಂಡು ಬೇಕು ಅಂದುಕೊಳ್ಳಿ. ಬೇರೆ ಬೇರೆ ಕತ್ತರಿಸಿದರೆ ಮೊದಲನೆಯದಕ್ಕೆ 20 ಕಂಬಿ, ಪ್ರತಿ ಕಂಬಿಯಲ್ಲೂ 2 ಮೀಟರ್ ಚೂರು ಉಳಿಯುತ್ತದೆ. ಎರಡನೆಯದಕ್ಕೆ 27. ಒಟ್ಟು 47. ಈಗ ಒಂದು 5, ಎರಡು 3.5 ಸೇರಿಸಿ. ಸರಿಯಾಗಿ 12! ಬರೀ 40 ಕಂಬಿಯಲ್ಲಿ ಎಲ್ಲ ಮುಗಿಯಿತು, ಒಂದು ಚೂರೂ ಉಳಿಯಲಿಲ್ಲ. ತೂಕಕ್ಕೆ ಒಂದು ಸುಲಭ ಸೂತ್ರ ಇದೆ. ಮಿಲಿಮೀಟರ್‌ನಲ್ಲಿರುವ ವ್ಯಾಸವನ್ನು ಅದರಿಂದಲೇ ಗುಣಿಸಿ 162ರಿಂದ ಭಾಗಿಸಿದರೆ ಮೀಟರಿಗೆ ಎಷ್ಟು ಕೆಜಿ ಅಂತ ಸಿಗುತ್ತದೆ. 16 ಎಂಎಂಗೆ ಅದು 1.58. ಅಂದರೆ ಇಡೀ ಕಂಬಿ ಹತ್ತಿರ ಹತ್ತಿರ 19 ಕೆಜಿ, ಉಳಿತಾಯವಾದ ಏಳು ಕಂಬಿಗೆ ಸುಮಾರು 133 ಕೆಜಿ.

ಎರಡೇ ಅಳತೆ ಇದ್ದರೆ ಕಂಬಿ ಕತ್ತರಿಸಿ ಬಗ್ಗಿಸುವ ಬಾರ್‌ಬೆಂಡರ್ ಮನಸ್ಸಿನಲ್ಲೇ ಲೆಕ್ಕ ಹಾಕಿಬಿಡುತ್ತಾರೆ. ಅರವತ್ತು ಅಳತೆ ಇದ್ದರೆ? ಹೇಗೆಲ್ಲ ಜೋಡಿಸಬಹುದು ಅಂತ ಎಣಿಸುವುದಕ್ಕೇ ಆಗುವುದಿಲ್ಲ. ರಷ್ಯಾದ ಗಣಿತಜ್ಞ ಲಿಯೊನಿಡ್ ಕಾಂಟೊರೊವಿಚ್ 1939ರಲ್ಲಿ ಇಂಥ ಲೆಕ್ಕಗಳಿಗೆ ದಾರಿ ತೋರಿಸಿದರು. 1961ರಲ್ಲಿ ಐಬಿಎಂನ ಗಿಲ್ಮೋರ್ ಮತ್ತು ಗೊಮೊರಿ ಎಲ್ಲ ಜೋಡಿಗಳನ್ನೂ ಪಟ್ಟಿ ಮಾಡದೆ, ಉಪಯೋಗಕ್ಕೆ ಬರುವವನ್ನು ಮಾತ್ರ ಹುಡುಕಿಕೊಂಡು ಹೋಗುವ ವಿಧಾನ ಕೊಟ್ಟರು. ಇವತ್ತಿನ ಸಾಫ್ಟ್‌ವೇರ್ ಡ್ರಾಯಿಂಗ್‌ನಿಂದ ತುಂಡುಗಳ ಪಟ್ಟಿ ತೆಗೆದು ಇದೇ ಜಾತಿಯ ಲೆಕ್ಕ ಮಾಡುತ್ತದೆ. ಆರ್ಡರ್ ಹಾಕುವ ಮೊದಲೇ ಮಾಡಿದರೆ ಮಾತ್ರ ಪೂರ್ತಿ ಲಾಭ. ಕಂಬಿ ಬಂದು ಬಿದ್ದ ಮೇಲೆ ಮಾಡಿದರೆ 47ರಲ್ಲಿ ಏಳು ಸುಮ್ನೆ ಬಿದ್ದಿರುತ್ತವೆ.

ಕಂಬಿಯಾದರೂ ಎಣಿಸಬಹುದು. ಮರಳಿನ ಕಥೆಯೇ ಬೇರೆ. ಸ್ವಲ್ಪ ಒದ್ದೆಯಾದರೆ ಕಣಗಳ ಸುತ್ತ ನೀರಿನ ಪೊರೆ ನಿಂತು ಅವು ಒಂದಕ್ಕೊಂದು ದೂರ ಸರಿಯುತ್ತವೆ. ಅದೇ ಮರಳು ನೂರಕ್ಕೆ 20–30ರಷ್ಟು ಉಬ್ಬಿ ಕಾಣಬಹುದು. ಲಾರಿಯ ಅಳತೆಗೆ ದುಡ್ಡು ಕೊಟ್ಟರೆ ಗಾಳಿಗೂ ಕೊಟ್ಟ ಹಾಗೆ. ತೂಕಕ್ಕೆ ಕೊಟ್ಟರೆ ನೀರಿಗೂ ಕೊಟ್ಟ ಹಾಗೆ. ನೂರಕ್ಕೆ ಐದು ತೇವ ಇರುವ 20 ಟನ್ ಲೋಡ್‌ನಲ್ಲಿ ಹತ್ತಿರ ಹತ್ತಿರ ಒಂದು ಟನ್ ನೀರೇ ಇರುತ್ತದೆ! ಲಾರಿಯನ್ನೇ ತೂಗುವ ವೇಬ್ರಿಡ್ಜ್‌ನ ತೂಕವೂ ತೇವದ ಅಳತೆಯೂ ನೇರವಾಗಿ ಕಂಪ್ಯೂಟರ್‌ಗೆ ಹೋದರೆ, ಆರ್ಡರ್, ಗೇಟಿಗೆ ಬಂದ ಮಾಲು, ಬಿಲ್ ಈ ಮೂರೂ ತಾಳೆ ಆಗುತ್ತವೋ ಇಲ್ಲವೋ ಅಂತ ದುಡ್ಡು ಕೊಡುವ ಮೊದಲೇ ಗೊತ್ತಾಗುತ್ತದೆ.

ಕಾಂಕ್ರೀಟ್‌ಗೆ ಕಾಯುವ ತಾಳ್ಮೆಯೇ ಇಲ್ಲ. ಕಲಸಿದ ಮೇಲೆ ಸುಮಾರು 90 ನಿಮಿಷದಲ್ಲಿ ಸುರಿದುಬಿಡಬೇಕು ಅನ್ನುವುದು ಹಳೆಯ ಲೆಕ್ಕ. 1,500 ಘನ ಮೀಟರ್ ಅಡಿಪಾಯಕ್ಕೆ, ಒಂದು ಗಾಡಿಗೆ 6 ಘನ ಮೀಟರ್ ಅಂದರೆ 250 ಗಾಡಿ. ಯಾವ ಗಾಡಿ ಎಲ್ಲಿದೆ ಅಂತ ಜಿಪಿಎಸ್‌ನಲ್ಲಿ ನೋಡುತ್ತಾ ಮುಂದಿನದನ್ನು ಹೊರಡಿಸದಿದ್ದರೆ ಒಮ್ಮೆ ಸಾಲುಗಟ್ಟಿ ನಿಲ್ಲುತ್ತವೆ, ಒಮ್ಮೆ ಒಂದೂ ಇರುವುದಿಲ್ಲ.

ಇಷ್ಟೆಲ್ಲ ನಿಂತಿರುವುದು ಗೇಟಿನಲ್ಲಿ ನಿಂತ ಸ್ಟೋರ್‌ಕೀಪರ್ ಮೇಲೆ. ಕೈ ತುಂಬ ಧೂಳು, ನೆಟ್‌ವರ್ಕ್ ಇಲ್ಲ, ಆ್ಯಪ್‌ನಲ್ಲಿ ತುಂಬಬೇಕಾದ ಖಾನೆ ಹದಿನೈದು. ಮಾಲಿನ ಜೊತೆ ಬರುವ ಚಲನ್ ಮೇಲಿನ ಕ್ಯೂಆರ್ ಕೋಡ್ ಸ್ಕ್ಯಾನ್ ಮಾಡಿ ಒಂದು ಫೋಟೋ ತೆಗೆದರೆ ಮುಗಿಯಬೇಕು, ನೆಟ್‌ವರ್ಕ್ ಇಲ್ಲದಿದ್ದರೂ ಫೋನಿನಲ್ಲಿ ಉಳಿಯಬೇಕು. ಹಾಗೆ ಮಾಡಿಕೊಡದ ಕಡೆ ಅವರು ಕಿಸೆಯ ಪುಸ್ತಕದಲ್ಲಿ ಬರೆದುಕೊಂಡು ರಾತ್ರಿ ಎಂಟೂವರೆಗೆ ಹತ್ತು ಲಾರಿಯನ್ನೂ ಒಟ್ಟಿಗೆ ಎಂಟ್ರಿ ಮಾಡುತ್ತಾರೆ. ಅಲ್ಲಿಯವರೆಗೆ ಹೆಡ್ ಆಫೀಸಿನ ಪರದೆಯಲ್ಲಿ ಸೊನ್ನೆ. ಮಧ್ಯಾಹ್ನ ನಾಲ್ಕಕ್ಕೇ ಅದನ್ನು ನೋಡಿ ಗಾಬರಿಯಾದ ಯಾರೋ ಸಪ್ಲೈಯರ್‌ಗೆ ಫೋನ್ ಮಾಡುತ್ತಾರೆ. ಮಾರನೇ ದಿನ ಬೆಳಗ್ಗೆ ಹನ್ನೊಂದನೇ ಲಾರಿ ಗೇಟಿಗೆ ಬಂದು ಹಾರ್ನ್ ಹೊಡೆಯುತ್ತದೆ.