ಸಾಂಬಾರ್ ಸೋರದಂತೆ ತಡೆಯುವ ಪದರ

ಬಿಸಿ, ನೀರು, ಎಣ್ಣೆ. ಒಂದು ಪ್ಲೇಟ್ ಇಡ್ಲಿ, ವಡೆ, ಸಾಂಬಾರ್ ಪಾರ್ಸೆಲ್ ಕಟ್ಟಿದರೆ ಈ ಮೂರನ್ನೂ ಒಟ್ಟಿಗೇ ತಡೆಯಬೇಕು. ಬರೀ ಕಾಗದಕ್ಕೆ ಅದು ಆಗದ ಮಾತು: ನೀರು ತಾಗಿದರೆ ನೆನೆಯುತ್ತದೆ, ಎಣ್ಣೆ ತಾಗಿದರೆ ಹೀರುತ್ತದೆ. ಹಾಗಾಗಿ ಕಾಗದದ ಮೇಲೆ ಏನಾದರೊಂದು ತೆಳು ಪದರ ಬಳಿಯಲೇಬೇಕು. ಪೇಚು ಇರುವುದೇ ಇಲ್ಲಿ. ಸಾಂಬಾರನ್ನು ಒಳಗೆ ಹಿಡಿದಿಡುವ ಆ ಪದರವೇ, ಬಳಸಿ ಬಿಸಾಡಿದ ಮೇಲೆ, ಕಾಗದವನ್ನು ಮತ್ತೆ ಕಾಗದವಾಗಲು ಬಿಡುವುದಿಲ್ಲ.

ಕಾಫಿ ಕೊಡುವ ಪೇಪರ್ ಲೋಟವನ್ನೇ ನೋಡಿ. ಅದರ ಒಳಮೈಗೆ ಸಾಮಾನ್ಯವಾಗಿ ಪಾಲಿಥೀನ್ ಅಂಟಿರುತ್ತದೆ. ಹಳೆ ಕಾಗದವನ್ನು ನೀರಲ್ಲಿ ಕಲಸಿ ತಿರುಳು ಮಾಡುವ ಕಾರ್ಖಾನೆಗೆ ಈ ಲೋಟ ತಲೆನೋವು. ನಾರಿನಿಂದ ಪ್ಲಾಸ್ಟಿಕ್ಕನ್ನು ಬಿಡಿಸಲು ಬೇರೆ ಯಂತ್ರ, ಹೆಚ್ಚು ಹೊತ್ತು ಬೇಕು. ಕುಡಿಯುವವರ ಪಾಡೂ ಅಷ್ಟು ಚೆನ್ನಾಗಿಲ್ಲ. ಖರಗ್‌ಪುರದ ಐಐಟಿಯವರು ಇಂಥ ಲೋಟದಲ್ಲಿ 85–90 ಡಿಗ್ರಿ ಬಿಸಿಯ ನೀರನ್ನು 15 ನಿಮಿಷ ಇಟ್ಟು ನೋಡಿದಾಗ, 100 ಮಿಲಿಲೀಟರಿನಲ್ಲಿ ಸುಮಾರು 25,000 ಸೂಕ್ಷ್ಮ ಪ್ಲಾಸ್ಟಿಕ್ ಕಣಗಳು ಸಿಕ್ಕವು. ಇಷ್ಟಾದರೂ 2022ರ ಜುಲೈ 1ರಂದು ದೇಶವಿಡೀ ಜಾರಿಗೆ ಬಂದ ನಿಷೇಧದ ಪಟ್ಟಿಯಲ್ಲಿ ಪ್ಲಾಸ್ಟಿಕ್ ತಟ್ಟೆ, ಚಮಚ, ಸ್ಟ್ರಾ ಇವೆ, ಪ್ಲಾಸ್ಟಿಕ್ ಬಳಿದ ಪೇಪರ್ ಲೋಟ ಇಲ್ಲ. ‘ಪೇಪರ್’ ಎಂಬ ಹೆಸರು ಅದನ್ನು ಕಾಪಾಡಿತೇನೋ!

ಹಾಗಾದರೆ ಪದರವನ್ನೇ ಬದಲಿಸಿದರೆ? ಮೆಕ್ಕೆಜೋಳದ ಪಿಷ್ಟವನ್ನು ಹುದುಗಿಸಿ, ಲ್ಯಾಕ್ಟಿಕ್ ಆಮ್ಲದಿಂದ ತಯಾರಿಸುವ ಪಿಎಲ್ಎ ಎಂಬ ಪ್ಲಾಸ್ಟಿಕ್ ಇದೆ. ‘ಮಣ್ಣಿಗೆ ಸೇರುತ್ತದೆ’ ಎಂದು ಅದರ ಮೇಲೆ ಬರೆದಿರುವುದು ಸುಳ್ಳಲ್ಲ, ಆದರೆ ಯಾವ ಮಣ್ಣು ಎಂದು ಕೇಳಬೇಕು. ಅದು ಕೊಳೆಯಲು ಗೊಬ್ಬರದ ರಾಶಿಯೊಳಗೆ 58 ಡಿಗ್ರಿ ಆಸುಪಾಸಿನ ಬಿಸಿ ವಾರಗಟ್ಟಲೆ ಉಳಿಯಬೇಕು. ಹಿತ್ತಿಲ ತಿಪ್ಪೆಯಲ್ಲಿ, ಚರಂಡಿಯಲ್ಲಿ ಅಂಥ ಕಾವು ಎಲ್ಲಿಂದ ಬರಬೇಕು? ಅಲ್ಲಿ ಅದು ಹೆಚ್ಚುಕಮ್ಮಿ ಮಾಮೂಲಿ ಪ್ಲಾಸ್ಟಿಕ್ಕಿನಂತೆಯೇ ಬಿದ್ದಿರುತ್ತದೆ. ನೀರಿನ ಬಾಟಲಿಗಳ ಜೊತೆ ಬೆರೆತರೆ ಆ ಮರುಬಳಕೆಯನ್ನೂ ಕೆಡಿಸುತ್ತದೆ. ಕಬ್ಬಿನ ಸಿಪ್ಪೆಯ ತಟ್ಟೆಗಳದು ಇನ್ನೊಂದು ಕಥೆ. ಎಣ್ಣೆ ಇಳಿಯದಿರಲೆಂದು ಹಲವು ತಯಾರಕರು ಅದಕ್ಕೆ ಫ್ಲೋರಿನ್ ಇರುವ, ಪ್ರಕೃತಿಯಲ್ಲಿ ಬಹುಕಾಲ ಅಳಿಯದ ಪಿಎಫ್ಎಎಸ್ ರಾಸಾಯನಿಕಗಳನ್ನು ಬೆರೆಸುತ್ತಿದ್ದರು. ಕಾಗದ, ರಟ್ಟಿನ ಆಹಾರ ಪೊಟ್ಟಣಗಳಲ್ಲಿ ಡೆನ್ಮಾರ್ಕ್ 2020ರಲ್ಲೇ ಅವನ್ನು ನಿಷೇಧಿಸಿತು.

ಪದರವೇ ಬೇಡದ ವಸ್ತು ನಮ್ಮ ಕರಾವಳಿ, ಮಲೆನಾಡಿನ ತೋಟಗಳಲ್ಲಿ ತಾನಾಗಿ ಉದುರುತ್ತದೆ. ಅಡಿಕೆ ಹಾಳೆಯ ನಾರು ಒತ್ತೊತ್ತಾಗಿ ಹೆಣೆದುಕೊಂಡಿರುತ್ತದೆ. ತೊಳೆದು, ನೆನೆಸಿ, ಬಿಸಿ ಅಚ್ಚಿನಲ್ಲಿ ಒತ್ತಿದರೆ ತಟ್ಟೆ ಸಿದ್ಧ. ಅಂಟೂ ಬೇಡ, ಬಳಿಯುವುದೂ ಬೇಡ. ಒಣಹವೆಯಲ್ಲಿ ಬಿದ್ದದ್ದನ್ನು ಮಳೆಗಾಲಕ್ಕೆ ಮೊದಲೇ ಒಟ್ಟಿಟ್ಟುಕೊಳ್ಳಬೇಕು, ಇಲ್ಲದಿದ್ದರೆ ಬೂಷ್ಟು ಹಿಡಿಯುತ್ತದೆ ಎಂಬುದೊಂದೇ ರಗಳೆ ಎಂದುಕೊಂಡಿದ್ದರು. ಆದರೆ 2025ರ ಮೇ ತಿಂಗಳಲ್ಲಿ ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು, ಅಡಿಕೆಯಲ್ಲಿರುವ ಅರೆಕೋಲಿನ್‌ನಂಥ ಆಲ್ಕಲಾಯ್ಡ್‌ಗಳು (ಗಿಡದಲ್ಲೇ ಹುಟ್ಟುವ, ದೇಹದ ಮೇಲೆ ಪರಿಣಾಮ ಬೀರುವ ರಾಸಾಯನಿಕಗಳು) ಹಾಳೆ ತಟ್ಟೆಯಿಂದ ಊಟಕ್ಕೆ ಇಳಿಯಬಹುದು ಎಂದು ಹೇಳಿ ಆಮದಿಗೆ ತಡೆ ಹಾಕಿತು. ರಫ್ತನ್ನೇ ನಂಬಿದ್ದವರಿಗೆ ಬಿದ್ದ ಪೆಟ್ಟು ಸಣ್ಣದಲ್ಲ. ಇದು ವ್ಯಾಪಾರದ ಹುನ್ನಾರ ಎಂದು ಸಿಟ್ಟಾಗುವುದು ಸುಲಭ. ನನಗನಿಸುವಂತೆ ಉತ್ತರ ಪ್ರಯೋಗಶಾಲೆಯಿಂದಲೇ ಬರಬೇಕು: ತಟ್ಟೆಗೆ ಬಿಸಿ ಸಾರು, ಹುಳಿ ಮಜ್ಜಿಗೆ, ಎಣ್ಣೆ ಹಾಕಿ, ಅರ್ಧ ಗಂಟೆ ಬಿಟ್ಟು, ಎಷ್ಟು ಇಳಿಯಿತೆಂದು ಅಳೆದು ಲೆಕ್ಕ ಮುಂದಿಡಬೇಕು. ಸಹಜವಾದದ್ದೆಲ್ಲ ನಿರಪಾಯಕಾರಿ ಎನ್ನುವ ವಾದ ಅಡಿಕೆಯ ವಿಷಯದಲ್ಲಂತೂ ನಿಲ್ಲದು.

ಪ್ಲಾಸ್ಟಿಕ್ ಎಲ್ಲಿ ಹೋಗಬಾರದಿತ್ತೋ ಅಲ್ಲಿಗೂ ಹೋಗಿದೆ. 2025ರ ಫೆಬ್ರವರಿಯಲ್ಲಿ ರಾಜ್ಯದ ಆರೋಗ್ಯ ಇಲಾಖೆ, ಇಡ್ಲಿ ಬೇಯಿಸುವಾಗ ಹತ್ತಿ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸುತ್ತಿದ್ದ ಹೋಟೆಲ್ಲುಗಳನ್ನು ಪತ್ತೆ ಮಾಡಿ ಅದನ್ನು ನಿಷೇಧಿಸಬೇಕಾಯಿತು. ಬಾಳೆ ಎಲೆ, ಹಲಸಿನೆಲೆಯ ಕೊಟ್ಟೆ, ಅರಿಸಿನದ ಎಲೆಯಲ್ಲಿ ಕಡುಬು ಬೇಯಿಸಿದ ನಾಡಿನಲ್ಲಿ!

ಹೋಟೆಲಿನವರಿಗೆ ಈಗಲೇ ಆಗುವ ಕೆಲಸವೂ ಇದೆ: ಕಟ್ಟಿಕೊಡುವ ಡಬ್ಬಿಯನ್ನು ನೋಡಿ ಆರಿಸುವುದು. ಪಾಲಿಪ್ರೊಪಿಲೀನ್ ಡಬ್ಬಿ (ತ್ರಿಕೋನದೊಳಗೆ 5 ಎಂದಿರುತ್ತದೆ) ಬಿಸಿ ತಡೆಯುತ್ತದೆ, ತೊಳೆದು ಕೊಟ್ಟರೆ ಗುಜರಿಯಲ್ಲಿ ಬೆಲೆಯೂ ಉಂಟು. ಅದರ ಪಕ್ಕದಲ್ಲಿ ದಾರ ಕಟ್ಟಿದ ಚಟ್ನಿಯ ಪುಟ್ಟ ಕವರಿಗೆ ಯಾರೂ ಕೈ ಹಾಕುವುದಿಲ್ಲ: ಒದ್ದೆ, ಹಗುರ, ಎಷ್ಟು ಆಯ್ದರೂ ತೂಕ ಬಾರದು. ಅರಿಸಿನದ ಬಣ್ಣ ಪ್ಲಾಸ್ಟಿಕ್ಕಿನೊಳಗೇ ಇಳಿಯುವುದರಿಂದ ಸಾಂಬಾರಿನ ಬಿಳಿ ಡಬ್ಬಿಗೂ ಗುಜರಿಯಲ್ಲಿ ಒಳ್ಳೆಯ ಬೆಲೆ ಸಿಗುವುದು ಕಷ್ಟ.

ಉಳಿದದ್ದು ಸ್ಟೀಲು. ಬೆಂಗಳೂರಿನ ಅದಮ್ಯ ಚೇತನ ಸಂಸ್ಥೆ ಸಮಾರಂಭಗಳಿಗೆ ಸ್ಟೀಲ್ ತಟ್ಟೆ, ಲೋಟ ಕೊಡುವ ‘ಪ್ಲೇಟ್ ಬ್ಯಾಂಕ್’ ನಡೆಸುತ್ತಿದೆ. ತೊಳೆಯಲು ನೀರು, ಆಳು ಬೇಕು ನಿಜ, ಅದನ್ನೂ ಲೆಕ್ಕಕ್ಕೆ ಹಿಡಿಯಬೇಕು. ಜರ್ಮನಿಯಲ್ಲಿ 2023ರಿಂದ, ತೀರಾ ಸಣ್ಣ ಅಂಗಡಿಗಳ ಹೊರತು, ಒಮ್ಮೆ ಬಳಸಿ ಎಸೆಯುವ ಪ್ಲಾಸ್ಟಿಕ್ ಡಬ್ಬಿಯಲ್ಲಿ ಊಟ ಕಟ್ಟಿಕೊಡುವ ಹೋಟೆಲ್ಲುಗಳು ಮರಳಿಸಬಹುದಾದ ಡಬ್ಬಿಯ ಆಯ್ಕೆಯನ್ನೂ ಕೊಡಲೇಬೇಕು. ಅಲ್ಲಿನ ಟ್ಯೂಬಿಂಗನ್ ನಗರ ಒಮ್ಮೆ ಬಳಸಿ ಎಸೆಯುವ ಡಬ್ಬಿಗೆ 50 ಸೆಂಟ್ ತೆರಿಗೆ ಹಾಕಿದಾಗ ವಿಷಯ ಸಂವಿಧಾನ ನ್ಯಾಯಾಲಯದವರೆಗೆ ಹೋಯಿತು; 2025ರ ಜನವರಿಯಲ್ಲಿ ನಗರವೇ ಗೆದ್ದಿತು. ನಮ್ಮಲ್ಲಿ ಪಾರ್ಸೆಲ್ ಡಬ್ಬಿಗೆಂದು ಬಿಲ್ಲಿನಲ್ಲಿ ಐದು-ಹತ್ತು ರೂಪಾಯಿ ಸೇರಿಸುವ ಹೋಟೆಲ್ಲುಗಳು ಎಷ್ಟೋ ಇವೆ. ಮನೆಯಿಂದ ಕ್ಯಾರಿಯರ್ ತಂದವರಿಗೆ ಅಷ್ಟನ್ನು ಬಿಟ್ಟುಕೊಟ್ಟು, ಕೌಂಟರಿನ ಮೇಲೆ ಹಾಗೆಂದು ಬೋರ್ಡ್ ಬರೆದು ಹಾಕುವುದಕ್ಕೆ ಯಾವ ಕಾನೂನೂ ಬರಬೇಕಾಗಿಲ್ಲ.